ಹಾಳೆಬಸವನ ಕೆಲಸ ಎಲ್ಲಿಗೆ ಬಂತು

ಕಥೆಗೆ ಬೇರೆ ಗ್ರಹದ ಒಂದು ಪ್ರಾಣಿ ಬೇಕಿತ್ತು. ಅದರ ಹೆಸರೇ ಹಾಳೆಬಸವ. ಮೇ ಕೊನೆಯಲ್ಲಿ ಕೂತು ಎರಡೇ ಗಂಟೆಯಲ್ಲಿ ಚಿತ್ರ ಬರೆದು ಮುಗಿಸಿದೆ. ಆನೆ ಗಾತ್ರದ ಉಂಬಳ (ಜಿಗಣೆ), ಕೆಳಗೆ ಆರು ಕಾಲು. ಈಗ ಆಗಸ್ಟ್. ಆನೆ ಇಳಿದು ನಾಯಿಯಷ್ಟಾಗಿದೆ, ಆರು ಕಾಲಲ್ಲಿ ಒಂದೂ ಉಳಿದಿಲ್ಲ.

ಜೂನ್

ಮೊದಲು ಹೋಗಿದ್ದು ಕಾಲು. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಪ್ರಾಣಿಯ ಮಾದರಿ ಮಾಡಲು ಹಾಳೆ ಸುತ್ತಿ, ಒಳಗೆ ಹಸಿ ಮಣ್ಣು ತುಂಬಿ, ಹಿಡಿಕಡ್ಡಿಯ ಕಾಲು ಚುಚ್ಚಿದೆ. ಒಂದು ಗೇಣು ಉದ್ದ, 200 ಗ್ರಾಂ ತೂಕ. ಚೆನ್ನಾಗಿಯೇ ನಿಂತಿತು. ಅದನ್ನೇ ಎಲ್ಲ ಕಡೆಗೂ ಎರಡು ಪಟ್ಟು ಮಾಡಿದೆ. ಒಂದೊಂದು ಕಾಲಿಗೂ ನಾಲ್ಕು ಕಡ್ಡಿ ಸೇರಿಸಿ ಕಟ್ಟಿದೆ. ತೂಕ ನೋಡಿದರೆ 1.6 ಕೆಜಿ! ನೆಲಕ್ಕಿಟ್ಟ ಕೂಡಲೇ ಮುಂದಿನ ಎರಡು ಕಾಲು ಮಡಚಿ, ನಮಸ್ಕಾರ ಮಾಡಿದ ಹಾಗೆ ಬಿತ್ತು.

ಲೆಕ್ಕ ಸುಲಭ. ಕಾಲಿನ ಕಡ್ಡಿ ನಾಲ್ಕು ಪಟ್ಟಾಯಿತು, ಮೈ ಭಾರ ಎಂಟು ಪಟ್ಟಾಯಿತು. ಗೆಲಿಲಿಯೋ ಇದನ್ನು 1638ರಲ್ಲೇ ಬರೆದಿಟ್ಟಿದ್ದಾನೆ. ಆನೆಯ ಕಾಲು ಕಂಬದ ಹಾಗಿರೋದು ಸುಮ್ನೆ ಅಲ್ಲ. ನಾನೋ, ಗ್ರಹಕ್ಕೆ ಭೂಮಿಗಿಂತ ಒಂದೂವರೆ ಪಟ್ಟು ಗುರುತ್ವ ಬೇರೆ ಕೊಟ್ಟು ಕೂತಿದ್ದೆ. ಅದನ್ನು ಬದಲಾಯಿಸಲು ಮನಸ್ಸಾಗಲಿಲ್ಲ. ಕಾಲನ್ನೇ ತೆಗೆದೆ. ಉಂಬಳದ ಹಾಗೆ ಎರಡು ತುದಿಯಲ್ಲೂ ಹೀರುಬಾಯಿ ಇಟ್ಟೆ. ಒಂದು ತುದಿ ಊರಿ, ಇನ್ನೊಂದನ್ನು ಎಳೆದುಕೊಂಡು ಹೋಗಲಿ.

ಜುಲೈ

ತೋಟದಿಂದ ಕಾಲಿಗೆ ಹತ್ತಿ ಬಂದ ಒಂದು ಉಂಬಳವನ್ನು ಬಾಟಲಿಗೆ ಹಾಕಿ ಮೇಜಿನ ಮೇಲಿಟ್ಟೆ. ಅದಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಒದ್ದೆ ಚರ್ಮದಲ್ಲೇ ಉಸಿರು. ಅದಕ್ಕೇ ಬಿಸಿಲು ಬಿದ್ದರೆ ಮಾಯ. ನನ್ನ ಪ್ರಾಣಿಗೂ ಇದೇ ಇರಲಿ ಅಂದುಕೊಂಡೆ. ಆದರೆ ಜೂನ್ ತಿಂಗಳ ಲೆಕ್ಕವೇ ಮತ್ತೆ ಅಡ್ಡ ಬಂತು. ಮೈ ಎಲ್ಲ ಕಡೆಗೂ ಎರಡು ಪಟ್ಟಾದರೆ ಚರ್ಮ ನಾಲ್ಕು ಪಟ್ಟು, ಒಳಗಿನ ಮಾಂಸ ಎಂಟು ಪಟ್ಟು. ಚರ್ಮದಿಂದ ಆಮ್ಲಜನಕ ತಾನಾಗಿ ಇಳಿಯೋದು ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ಮುಂದಕ್ಕೆ ರಕ್ತವೇ ಹೊರಬೇಕು. ಆನೆ ಗಾತ್ರವನ್ನು ನಾಯಿಯಷ್ಟಕ್ಕೆ ಇಳಿಸಿದೆ, ಗಾಳಿಯಲ್ಲಿ ಆಮ್ಲಜನಕ ಜಾಸ್ತಿ ಮಾಡಿದೆ, ಮೈಗೆ ನೆರಿಗೆ ಬರೆದೆ. ಅಷ್ಟಕ್ಕೇ ಬಿಟ್ಟೆ, ಬೇಸರ ಬಂದಿತ್ತು.

ಸೂರ್ಯನ ಕೆಲಸ ಮಾತ್ರ ಖುಷಿ ಕೊಟ್ಟಿತು. ಪ್ರಾಕ್ಸಿಮಾ ಸೆಂಟಾರಿಯಂಥ ಕೆಂಪು ಕುಬ್ಜ ನಕ್ಷತ್ರ, ಅಂದರೆ ನಮ್ಮ ಸೂರ್ಯನಿಗಿಂತ ಚಿಕ್ಕ, ಮಂದ ನಕ್ಷತ್ರ ಆರಿಸಿಕೊಂಡೆ. ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ದೂರದಲ್ಲಿದೆ, ಅದರ ಸುತ್ತ ಒಂದು ಗ್ರಹ ಇರೋದು 2016ರಲ್ಲಿ ಗೊತ್ತಾಯಿತು. ಇಂಥ ನಕ್ಷತ್ರಕ್ಕೆ ತೀರಾ ಹತ್ತಿರ ಸುತ್ತುವ ಗ್ರಹ, ಚಂದ್ರ ನಮಗೆ ತೋರಿಸುವ ಹಾಗೆ, ಅದಕ್ಕೆ ಯಾವಾಗಲೂ ಒಂದೇ ಮುಖ ತೋರಿಸುವ ಸಾಧ್ಯತೆ ಇದೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ, ನಡುವಿನ ಪಟ್ಟಿಯಲ್ಲಿ ಸದಾ ಸಂಜೆ. ಆಗುಂಬೆಯ ಸೂರ್ಯಾಸ್ತ, ಆದರೆ ಸೂರ್ಯ ಮುಳುಗುವುದೇ ಇಲ್ಲ. ಎಷ್ಟೊತ್ತಿಗೆ ಹೋದರೂ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಆಗುಂಬೆಯಲ್ಲೂ ಅದೇ ಕಷ್ಟ ಅಲ್ವಾ?

ಆಗಸ್ಟ್

ಚಿಕ್ಕಮ್ಮ ಕಾಫಿ ಇಡಲು ಬಂದವರು ಚಿತ್ರ ನೋಡಿದರು. "ಎಲ್ಲ ಸರಿ ಮಾರಾಯ, ಇದು ತಿನ್ನೋದು ಎಂತ?"

ಎರಡು ತಿಂಗಳಿಂದ ಇದನ್ನು ಯೋಚಿಸಿರಲೇ ಇಲ್ಲ. ರಕ್ತ ಹೀರುತ್ತೆ ಅಂದರೆ ಹೀರಿಸಿಕೊಳ್ಳುವ ಪ್ರಾಣಿಗಳೂ ಬೇಕು. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಂಥ ಸುಮಾರು 50 ಪ್ರಾಣಿ ಬೇಕು. ನನ್ನ ಗ್ರಹದಲ್ಲಿ ಇದೊಂದೇ ಇರೋದು.

ದಾರಿ ತೋರಿಸಿದ್ದು ಬೂಷ್ಟು. ಈ ಮಳೆಗೆ ಎರಡನೇ ಮಾದರಿಯ ಬೆನ್ನೆಲ್ಲ ಬೆಳ್ಳಗಾಗಿತ್ತು. ಒರೆಸಲು ಹೋದವನಿಗೆ ಮಸಾಲೆಗೆ ಹಾಕುವ ಕಲ್ಲುಹೂವು ನೆನಪಾಯಿತು. ಅದು ಶಿಲೀಂಧ್ರ, ಪಾಚಿ ಎರಡೂ ಸೇರಿ ಮಾಡುವ ಸಂಸಾರ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕೊಡುತ್ತದೆ. ಸರಿ, ಹಾಳೆಬಸವ ತನ್ನ ಬೆಳೆಯನ್ನು ಬೆನ್ನ ಮೇಲೇ ಹೊತ್ತು ತಿರುಗಲಿ. ಬಣ್ಣ ಕಪ್ಪು. ಮಂದ ಕೆಂಪು ಬೆಳಕಿನಲ್ಲಿ ಸಿಕ್ಕಿದ್ದನ್ನೆಲ್ಲ ಹೀರಲು ಗಿಡಗಳು ಕಪ್ಪಾಗಿರಬಹುದು ಎಂದು ವಿಜ್ಞಾನಿಗಳ ಒಂದು ಊಹೆಯೂ ಇದೆ.

ಸಾಲುತ್ತದಾ? 20 ಕೆಜಿ ನಾಯಿಗೆ ಸುಮ್ನೆ ಮಲಗಿರಲೂ 30 ವ್ಯಾಟ್ ಚಿಲ್ಲರೆ ಬೇಕು. ತಣ್ಣನೆ ರಕ್ತದ ಪ್ರಾಣಿಗೆ ಅದರ ಹತ್ತನೇ ಒಂದು ಪಾಲು, ಮೂರು ವ್ಯಾಟ್ ಅಂತ ಹಿಡಿದೆ. ಬೆನ್ನು 0.3 ಚದರ ಮೀಟರ್, ಸಂಜೆ ಬೆಳಕು ಚದರ ಮೀಟರಿಗೆ 100 ವ್ಯಾಟ್, ಅದರಲ್ಲಿ ಪಾಚಿ ಉಳಿಸಿಕೊಳ್ಳೋದು ಶೇಕಡಾ 2. ಬಂದಿದ್ದು 0.6 ವ್ಯಾಟ್. ಐದು ಪಟ್ಟು ಕಮ್ಮಿ!

ಹಾಗಾದರೆ ಬೆನ್ನು ಐದು ಪಟ್ಟು ಅಗಲವಾಗಬೇಕು. ಸುತ್ತಿದ ಹಾಳೆಯನ್ನು ಬಿಡಿಸಿದೆ. ತೆಳ್ಳಗೆ, ಚಪ್ಪಟೆಗೆ. ಬಿಡಿಸಿದ ಮೇಲೆ ಹೊಳೆಯಿತು, ಜುಲೈಯಲ್ಲಿ ಬಿಟ್ಟಿದ್ದ ಉಸಿರಿನ ತೊಡಕಿಗೂ ಇದೇ ಮದ್ದು. ತೆಳ್ಳಗಿದ್ದರೆ ಗಾಳಿಗೆ ಚರ್ಮ ಜಾಸ್ತಿ ಸಿಗುತ್ತದೆ. ಸಂಜೆ ಬೆಳಕು ಪಕ್ಕದಿಂದ ಬರುವುದರಿಂದ ನೆಲಕ್ಕೆ ಹಾಸಿ ಮಲಗಿದರೆ ಪ್ರಯೋಜನವಿಲ್ಲ. ಬಂಡೆಗೆ ಒರಗಿ, ತಂತಿಯ ಮೇಲಿನ ಪಂಚೆಯ ಹಾಗೆ ನಿಲ್ಲಬೇಕು. ಹೊರಡುವಾಗ ಸುರುಳಿ ಸುತ್ತಿಕೊಳ್ಳಬೇಕು.

"ಇದು ಪ್ರಾಣಿಯಾ, ಚಾಪೆಯಾ?" ಅಂದರು ಚಿಕ್ಕಮ್ಮ.

ಸುರುಳಿ ಸುತ್ತುವ ಸ್ನಾಯು ಹೇಗಿರಬೇಕು ಅನ್ನೋದು ಬಾಕಿ. ಉಂಬಳಕ್ಕೆ ಮೈ ಸುತ್ತಲೂ ಬಳೆಯಂಥ ಸ್ನಾಯು ಇದೆ, ಉದ್ದಕ್ಕೂ ಇದೆ. ಅದನ್ನೇ ನೋಡಿ ಬರೆಯೋಣ ಅಂತ ಇವತ್ತು ಬೆಳಿಗ್ಗೆ ಬಾಟಲಿ ಎತ್ತಿದೆ. ಮುಚ್ಚಳ ಸಡಿಲ, ಬಾಟಲಿ ಖಾಲಿ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.