ಗುಲ್ಮಾರ್ಗ್‌ಗೆ ಹೊರಟ ಮಲೆನಾಡಿನವರಿಗೆ: ಮೊದಲು ಸ್ಕೀ ಬ್ರೇಕ್ ಒತ್ತಿ ನೋಡಿ

ತೀರ್ಥಹಳ್ಳಿ ಕಡೆ ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮ ಚೆನ್ನಾಗಿ ಬಿದ್ದಿರುತ್ತದೆ. ಹಾಗಾಗಿ ನಾವು ಫೆಬ್ರವರಿಯಲ್ಲೇ ಹೊರಟೆವು. ನಾನು, ನನ್ನ ಹೆಂಡತಿ, ಭಾವ, ಅವರ ಹದಿನಾಲ್ಕು ವರ್ಷದ ಮಗಳು. ಬಂದ ಮೇಲೆ ಊರಲ್ಲಿ ಸಿಕ್ಕವರೆಲ್ಲ ಚಳಿ ಎಷ್ಟಿತ್ತು, ಖರ್ಚು ಎಷ್ಟಾಯ್ತು ಅಂತ ಕೇಳುತ್ತಾರೆ. ನಾನು ಮೊದಲು ಹೇಳುವುದು ಸ್ಕೀ, ಅಂದರೆ ಹಿಮದಲ್ಲಿ ಜಾರಲು ಬೂಟಿಗೆ ಸಿಕ್ಕಿಸುವ ಉದ್ದ ಪಟ್ಟಿ, ಅದರ ಬ್ರೇಕಿನ ವಿಷಯ.

ಅಡಿಕೆ ಹಾಳೆ ಮೇಲೆ ಕೂತು ದಿಬ್ಬದಿಂದ ಜಾರಿದವರು ನಾವೆಲ್ಲ. ಮಧ್ಯದಲ್ಲಿ ಉರುಳಿ ಬಿದ್ದರೆ ಹಾಳೆ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಸ್ಕೀ ಹಾಗಲ್ಲ. ಅದರ ತಳಕ್ಕೆ ಮೇಣ ಹಚ್ಚಿರುತ್ತಾರೆ, ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಕಾಲಿಂದ ಕಳಚಿಕೊಂಡರೆ ಇಳಿಜಾರಿನುದ್ದಕ್ಕೂ ವೇಗ ಏರಿಸಿಕೊಂಡೇ ಹೋಗುತ್ತದೆ.

ಎರಡನೇ ದಿನ, ಹೊಸಬರು ಕಲಿಯುವ ಇಳಿಜಾರಿನಲ್ಲೇ ಭಾವ ಬಿದ್ದರು. ಎರಡೂ ಸ್ಕೀ ಕಳಚಿಕೊಂಡವು. ಕಳಚಲೇಬೇಕು, ಇಲ್ಲದಿದ್ದರೆ ಕಾಲು ತಿರುಚುತ್ತದೆ. ಬಲಗಡೆಯದು ಅವರ ಪಕ್ಕದಲ್ಲೇ ನಿಂತಿತು. ಎಡಗಡೆಯದು ಹೊರಟೇಹೋಯಿತು. ಕೆಳಗೆ ಚಿಕ್ಕ ಮಕ್ಕಳು ಸಾಲಾಗಿ ನಿಂತು ಪಾಠ ಕೇಳುತ್ತಿದ್ದರು. ಅವರ ಮೇಷ್ಟ್ರು ಕೂಗಿದರು, ಮಕ್ಕಳು ಚದುರಿದರು. ಅವರು ನಿಂತಿದ್ದ ಜಾಗದಲ್ಲೇ ಸ್ಕೀ ಹಾದುಹೋಗಿ ಹಿಮದ ಗುಡ್ಡೆಗೆ ಚುಚ್ಚಿಕೊಂಡಿತು. ನನಗೆ ಕೈ ನಡುಗುತ್ತಿತ್ತು.

ಇಳಿದು ಹೋಗಿ ನೋಡಿದರೆ ಬ್ರೇಕಿನ ಎರಡು ಕಡ್ಡಿಗಳೂ ಮೇಲಕ್ಕೇ ಕಚ್ಚಿಕೊಂಡಿದ್ದವು. ಬೂಟಿನ ಹಿಮ್ಮಡಿ ಕೂರುವ ಪೆಡಲಿನ ಸಂದಿಯಲ್ಲಿ ಹಿಮ ತುಂಬಿ ಗಟ್ಟಿಯಾಗಿತ್ತು. ಕೋಲಿನ ತುದಿಯಿಂದ ಕೆರೆದೆ. ಕಲ್ಲುಸಕ್ಕರೆ ಥರ ಚೂರು ಉದುರಿತು, ಟಪ್ ಅಂತ ಕಡ್ಡಿಗಳು ಕೆಳಗೆ ಬಂದವು.

ಈ ಬ್ರೇಕ್ ಇರುವುದು ನಮ್ಮನ್ನು ನಿಲ್ಲಿಸಲು ಅಲ್ಲ. ಹೊಸಬರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ನಾವು ನಿಲ್ಲಬೇಕೆಂದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಮ್ಮಡಿ ಕಡೆ ಅಗಲ ಮಾಡಿ, ಒಳ ಅಂಚನ್ನು ಹಿಮಕ್ಕೆ ಒತ್ತಬೇಕು. ಬ್ರೇಕ್ ಕೆಲಸ ಮಾಡುವುದು ಬೂಟು ಕಳಚಿದ ಮೇಲೆ. ಬೂಟಿನ ಹಿಮ್ಮಡಿ ಬೈಂಡಿಂಗ್‌ಗೆ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕ್ಲಿಪ್ಪಿಗೆ, ಕೂತಾಗ ಪೆಡಲ್ ಒತ್ತಿಕೊಂಡು ಕಡ್ಡಿಗಳು ಮೇಲೇಳುತ್ತವೆ. ಬೂಟು ಹೊರಬಂದ ತಕ್ಷಣ ಸ್ಪ್ರಿಂಗ್ ಅವನ್ನು ಕೆಳಕ್ಕೆ ತಳ್ಳಿ ಹಿಮಕ್ಕೆ ಊರಿಸುತ್ತದೆ. 1970ರ ದಶಕದಲ್ಲಿ ಈ ಬ್ರೇಕ್ ಬಳಕೆಗೆ ಬರುವ ಮೊದಲು ಸ್ಕೀಯನ್ನು ಪಟ್ಟಿಯಿಂದ ಕಾಲಿಗೇ ಕಟ್ಟುತ್ತಿದ್ದರು. ಸ್ಕೀ ಓಡಿಹೋಗುತ್ತಿರಲಿಲ್ಲ ನಿಜ, ಆದರೆ ಬಿದ್ದಾಗ ಗಿರ್ರನೆ ತಿರುಗಿ ಬಿದ್ದವರಿಗೇ ಬಡಿಯುತ್ತಿತ್ತು.

ಬಾಡಿಗೆಗೆ ತರುವಾಗ ಅಂಗೈಯಿಂದ ಪೆಡಲ್ ಒತ್ತಿ ಬಿಡಿ. ಎರಡೂ ಸ್ಕೀಗೆ ಮೂರ್ನಾಲ್ಕು ಸಲ. ಕಡ್ಡಿ ಚುರುಕಾಗಿ ಕೆಳಗೆ ಬರಬೇಕು, ಸ್ಕೀ ತಳಕ್ಕಿಂತ ಕೆಳಗೆ ಇಳಿಯಬೇಕು. ನಿಧಾನಕ್ಕೆ ಬಂದರೆ, ಕಡ್ಡಿ ಬಾಗಿದ್ದರೆ, ತುದಿಯ ಪ್ಲಾಸ್ಟಿಕ್ ಕಿತ್ತುಹೋಗಿದ್ದರೆ ಸುಮ್ನೆ ವಾಪಸ್ ಕೊಟ್ಟು ಬೇರೆ ಕೇಳಿ. ನಾವು ಜಾಕೆಟ್ಟಿನ ಬಣ್ಣ ಆರಿಸುವುದಕ್ಕೆ ಅರ್ಧ ಗಂಟೆ ಕಳೆದೆವು, ಇದಕ್ಕೆ ಅರ್ಧ ನಿಮಿಷ ಕೊಡಲಿಲ್ಲ. ಅಗಲವನ್ನೂ ನೋಡಿ. ಕಡ್ಡಿಗಳ ನಡುವಿನ ಅಂತರ ಸ್ಕೀಯ ಮಧ್ಯಭಾಗದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಸುಮಾರು 15 ಮಿ.ಮೀ. ಒಳಗೆ. ಕಡಿಮೆಯಾದರೆ ಕಡ್ಡಿ ಸ್ಕೀಗೇ ತಾಗಿ ಇಳಿಯುವುದಿಲ್ಲ, ತೀರಾ ಜಾಸ್ತಿಯಾದರೆ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ.

ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಅದರ ಮೇಲೆ ಒಂದು ಅಂಕಿ ಇರುತ್ತದೆ, ಡಿನ್ ಅನ್ನುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನಿಮ್ಮ ಅನುಭವ, ಇಷ್ಟನ್ನೂ ಲೆಕ್ಕ ಹಾಕಿ ಅದನ್ನು ಹೊಂದಿಸುತ್ತಾರೆ. ಕೇಳದಿದ್ದರೆ ನೀವೇ ಹೇಳಿ. ಅನುಭವ ಇದೆ ಅಂತ ಹೆಚ್ಚು ಹೇಳಿಕೊಂಡರೆ ಬಿಗಿ ಜಾಸ್ತಿಯಾಗಿ, ಬಿದ್ದಾಗ ಕಳಚದೆ ಕಾಲಿಗೆ ಪೆಟ್ಟಾಗುತ್ತದೆ.

ಬಿದ್ದ ಮೇಲೆ ಮತ್ತೆ ಹಾಕಿಕೊಳ್ಳುವಾಗ ಸ್ಕೀಯನ್ನು ಇಳಿಜಾರಿಗೆ ಅಡ್ಡವಾಗಿ ಇಡಿ. ಬೂಟಿನ ಅಟ್ಟೆಗೆ ಅಂಟಿದ ಹಿಮ ಕೆರೆದು, ಪೆಡಲ್ ಒಮ್ಮೆ ಒತ್ತಿ ನೋಡಿ, ಕೆಳಗಡೆ ಕಾಲಿನದನ್ನು ಮೊದಲು ಹಾಕಿ. ಆ ದಿನದಿಂದ ನಮ್ಮ ಹುಡುಗಿ ಪ್ರತಿ ಸಲ ನಾಲ್ವರ ಸ್ಕೀಯನ್ನೂ ಒತ್ತಿ ನೋಡುತ್ತಿದ್ದಳು.

ಆಗುಂಬೆ ಘಾಟಿಯಲ್ಲಿ ಇಳಿಯುವವರು ಹತ್ತುವ ಗಾಡಿಗೆ ದಾರಿ ಬಿಡುತ್ತೇವೆ ಅಲ್ವಾ? ಹಿಮದಲ್ಲೂ ಕೆಳಗಿರುವವರದ್ದೇ ಮೊದಲ ಹಕ್ಕು. ಅವರಿಗೆ ಬೆನ್ನ ಹಿಂದೆ ಕಾಣುವುದಿಲ್ಲ, ಮೇಲಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಇದೂ ಒಂದು. ನಿಲ್ಲಬೇಕಾದರೆ ಅಂಚಿಗೆ ಸರಿದು ನಿಲ್ಲಿ. ಸ್ಕೀ ಓಡಿಹೋದರೆ ಗಟ್ಟಿಯಾಗಿ ಕೂಗಿ, ನಾಚಿಕೆ ಬೇಡ.

ಪ್ರಯಾಣ ಕಷ್ಟವಿಲ್ಲ. ಶಿವಮೊಗ್ಗದಿಂದ ರೈಲಿನಲ್ಲಿ ಬೆಂಗಳೂರು, ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ಸುಮಾರು 50 ಕಿ.ಮೀ. ಟಂಗ್‌ಮಾರ್ಗ್‌ನಿಂದ ಮೇಲೆ ಹಿಮ ಜಾಸ್ತಿ ಇದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ 4,000 ಮೀಟರಿಗೆ ಹತ್ತಿರ, ಅಂದರೆ ನಮ್ಮ ಕೊಡಚಾದ್ರಿಯ ಹೆಚ್ಚುಕಡಿಮೆ ಮೂರರಷ್ಟು. ಮೊದಲ ದಿನವೇ ಅಲ್ಲಿಗೆ ಹತ್ತಬೇಡಿ.

ಇನ್ನೊಂದು ಮಾತು. ಮಳೆಗಾಲದ ಪಾಚಿ ಅಂಗಳದಲ್ಲಿ ಕಾಲು ಜಾರಿದರೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಸ್ಕೀ ಮೇಲೆ ಹಿಂದಕ್ಕೆ ವಾಲಿದರೆ ಹಿಡಿತವೇ ತಪ್ಪುತ್ತದೆ. ಮೊಣಕಾಲು ಬಗ್ಗಿಸಿ, ಮೊಣಕಾಲ ಕೆಳಗಿನ ಮುಂದಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತುವ ಹಾಗೆ ನಿಲ್ಲಬೇಕು. ಇಡೀ ದಿನ ಹಾಗೆ ನಿಲ್ಲಲು ತೊಡೆಯಲ್ಲಿ ಬಲ ಬೇಕು. ನಾವು ಭಾನುವಾರ ಭಾನುವಾರ ಕವಲೇದುರ್ಗ ಹತ್ತಿ, ಬರುವಾಗ ಅವಸರ ಮಾಡದೆ ಮೊಣಕಾಲು ಬಗ್ಗಿಸಿ ಇಳಿಯುತ್ತಿದ್ದೆವು. ಹೊರಡುವ ಆರು ವಾರ ಮುಂಚೆಯೇ ಶುರು ಮಾಡಿ.