ಅದು ಯಾರ ಜಯಂತಿಯೂ ಅಲ್ಲ

ವರ್ಷಕ್ಕೊಂದು ಸಲ ವಾಟ್ಸಾಪ್ ಸ್ಟೇಟಸ್‌ಗೆ ‘ಇವತ್ತು ವಿಶ್ವ ಬ್ಯಾಲೆ ದಿನ’ ಅಂತ ಹಾಕುತ್ತೇನೆ. (ಬ್ಯಾಲೆ ಅಂದರೆ ಯುರೋಪಿನ ಶಾಸ್ತ್ರೀಯ ನೃತ್ಯ.) ಹತ್ತು ನಿಮಿಷದಲ್ಲಿ ಪ್ರಶ್ನೆ ಬಂದೇ ಬರುತ್ತದೆ: ‘ಹೌದಾ? ಯಾರ ಹುಟ್ಟಿದ ದಿನ?’

ಯಾರದ್ದೂ ಅಲ್ಲ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

2018ರಲ್ಲಿ ಅದು ಅಕ್ಟೋಬರ್ 2ಕ್ಕೆ ಬಿತ್ತು. ರಜೆ ಅಂತ ಮಾವ ಮನೆಗೆ ಬಂದಿದ್ದರು. ‘ಗಾಂಧೀಜಿದು ಗೊತ್ತು, ಶಾಸ್ತ್ರೀಜಿದೂ ಗೊತ್ತು. ಇವರ್ಯಾರೇ ಮೂರನೆಯವರು?’ ಅಂದರು. ಮರುವರ್ಷ ಅದೇ ದಿನ ಅಕ್ಟೋಬರ್ 23ಕ್ಕೆ ಬಂತು, 2022ರಲ್ಲಿ ನವೆಂಬರ್ 2ಕ್ಕೆ. ಹುಟ್ಟಿದ ದಿನ ಹೀಗೆಲ್ಲಾ ಓಡಾಡುತ್ತಾ?

ಗೂಗಲ್ ಮಾಡಿಕೊಂಡು ಬರುವವರು ಇನ್ನೊಂದು ಜಾತಿ. ‘ಏಪ್ರಿಲ್ 29 ಅಲ್ವಾ?’ ಅಂತಾರೆ. ಅಲ್ಲ. ಅದು ಅಂತರರಾಷ್ಟ್ರೀಯ ನೃತ್ಯ ದಿನ, 1982ರಿಂದ ಇದೆ. ಎಲ್ಲಾ ನೃತ್ಯಗಳಿಗೂ ಸೇರಿದ್ದು. 1727ರಲ್ಲಿ ಹುಟ್ಟಿದ ಫ್ರೆಂಚ್ ಬ್ಯಾಲೆ ಗುರು ನೊವೆರ್ ಅವರ ಜನ್ಮದಿನ ಅದು. ಜಯಂತಿಯೇ ಬೇಕು ಅನ್ನುವವರು ಅದನ್ನು ಇಟ್ಟುಕೊಳ್ಳಿ.

ಬ್ಯಾಲೆ ದಿನದ ಕಥೆ ಚಿಕ್ಕದು. 2012ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಯವರು ತಮ್ಮ ಒಂದು ಕೆಲಸದ ದಿನವನ್ನು ಒಂಬತ್ತು ಗಂಟೆ ಇಂಟರ್ನೆಟ್‌ನಲ್ಲಿ ಲೈವ್ ತೋರಿಸಿದರು. ಜನ ಕೂತು ನೋಡಿದರು. ಆಮೇಲೆ 2014ರ ಅಕ್ಟೋಬರ್ 1ರಂದು ಐದು ತಂಡಗಳು ಸೇರಿದವು: ಮೆಲ್ಬರ್ನ್, ಮಾಸ್ಕೋ, ಲಂಡನ್, ಟೊರಾಂಟೊ, ಸ್ಯಾನ್ ಫ್ರಾನ್ಸಿಸ್ಕೊ. ತಲಾ ನಾಲ್ಕು ಗಂಟೆ, ಒಟ್ಟು 20. ಸೂರ್ಯ ಹೋದ ದಾರಿಯಲ್ಲೇ ಕ್ಯಾಮೆರಾನೂ ಹೋಯಿತು. ಅದೇ ಮೊದಲ ಬ್ಯಾಲೆ ದಿನ. ಅಷ್ಟೇ.

ಇಷ್ಟು ಕೇಳುವ ಜನ, ಆ ದಿನ ಅವರು ಏನು ತೋರಿಸುತ್ತಾರೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಹೇಳೋಕೆ ಆಸೆ ಇರೋದೇ ಅದು.

ನಮ್ಮ ಕಡೆ ಸ್ಕೂಲ್ ಡೇ ನೃತ್ಯರೂಪಕಕ್ಕೂ ಬ್ಯಾಲೆ ಅಂತಾರಲ್ಲ, ಹಾಗಾಗಿ ಕಿರೀಟ, ಲೈಟು, ಕಥೆ ಎಲ್ಲಾ ಇರುತ್ತೆ ಅಂದುಕೊಳ್ಳುತ್ತಾರೆ. ಬ್ಯಾಲೆ ದಿನ ತೋರಿಸೋದು ಬೆಳಗಿನ ಕ್ಲಾಸು. ಹಳೇ ಟೀ ಶರ್ಟು, ಉಣ್ಣೆಯ ಕಾಲುಚೀಲ, ಮೂಲೆಯಲ್ಲಿ ಒಬ್ಬರು ಪಿಯಾನೋ ನುಡಿಸುತ್ತಿರುತ್ತಾರೆ. ಸೊಂಟದೆತ್ತರದ ಕಂಬಿ ಹಿಡಿದು ಎಲ್ಲರೂ ಮೊದಲು ಮಾಡೋದು ಪ್ಲಿಯೆ, ಅಂದರೆ ಮಂಡಿ ಬಗ್ಗಿಸೋದು. (ಆ ಕಂಬಿಯ ಹೆಸರು ಬಾರ್. ಮಾವನಿಗೆ ಹೇಳಲಿಲ್ಲ.) ನಿನ್ನೆ ರಾತ್ರಿ ರಾಣಿಯಾಗಿ ಕುಣಿದವರೂ ಅಷ್ಟೇ, ಹೋದ ತಿಂಗಳು ಸೇರಿದ ಹುಡುಗಿಯೂ ಅಷ್ಟೇ. ಮೂರು ವರ್ಷ ಅರಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ಮೊದಲ ಪಾಠದ ತಟ್ಟಡವನ್ನೇ ಹಾಕಿ ಬೇಜಾರಾಗಿ ಭರತನಾಟ್ಯ ಬಿಟ್ಟವಳು ನಾನು. ಅದನ್ನು ನೋಡಿ ಸ್ವಲ್ಪ ನಾಚಿಕೆ ಆಯಿತು. ಸ್ವಲ್ಪ ಅಷ್ಟೇ.

ಮಾವ ಲೋಟ ಹಿಡಿದು ಪಕ್ಕದಲ್ಲೇ ಕೂತು ನೋಡಿದರು. ಕಾಫಿ ಮುಗಿಯಿತು.

‘ಇವರು ಯಾವಾಗ ಶುರು ಮಾಡ್ತಾರೆ?’

ಶುರುವಾಗಿ ಅರ್ಧ ಗಂಟೆಯಾಗಿತ್ತು.