60 ಪದಗಳಲ್ಲಿ ಒಂದು ಸಿನಿಮಾ

ಇಪ್ಪತ್ತು ವರ್ಷಗಳಿಂದ ನಾನು ಪತ್ರಿಕೆಯೊಂದರ ಪುರವಣಿಗೆ ಕಿರುವಿಮರ್ಶೆ ಬರೆಯುತ್ತಿದ್ದೇನೆ. ಶುಕ್ರವಾರ ತೆರೆಕಾಣುವ ದೊಡ್ಡ ಚಿತ್ರಗಳಿಗೆ ಅರ್ಧ ಪುಟವೂ ನಾಯಕನ ಫೋಟೊವೂ ಸಿಗುತ್ತವೆ. ನನ್ನ ಪಾಲಿಗೆ ಬಂದಿರುವುದು ಹೊರದೇಶದ ಚಿತ್ರಗಳು, ಸಾಕ್ಷ್ಯಚಿತ್ರಗಳು, ಮತ್ತು ಯಾವ ಬ್ಯಾನರಿನ ಆಸರೆಯೂ ಇಲ್ಲದೆ ತಯಾರಾಗಿ, ಮಲ್ಟಿಪ್ಲೆಕ್ಸಿನಲ್ಲಿ ದಿನಕ್ಕೊಂದೇ ಆಟ ಕಂಡು ಮುಂದಿನ ಗುರುವಾರದೊಳಗೆ ಮಾಯವಾಗುವ ಸಣ್ಣ ಚಿತ್ರಗಳು. ಒಂದು ಚಿತ್ರಕ್ಕೆ 60 ಪದ; ಅಷ್ಟರಲ್ಲೇ ಅದು ಏನು, ಹೇಗಿದೆ, ನೋಡಬೇಕೋ ಬೇಡವೋ ಎಂಬುದನ್ನು ಹೇಳಿ ಮುಗಿಸಬೇಕು. ವಿಭಕ್ತಿ, ಕ್ರಿಯೆ, ನಿಷೇಧ ಎಲ್ಲವನ್ನೂ ಒಂದೇ ಪದಕ್ಕೆ ಅಂಟಿಸಬಹುದಾದ ಕನ್ನಡದಲ್ಲಿ ಇದು ಅಷ್ಟೇನೂ ಇಕ್ಕಟ್ಟಿನ ಜಾಗವಲ್ಲ. ಕಷ್ಟ ಇರುವುದು ಬೇರೆಡೆ ಎಂದು ನನಗೆ ಗೊತ್ತಾದದ್ದು ಮೊದಲ ವರ್ಷದಲ್ಲೇ, ಮಾನ ಹೋದ ಮೇಲೆ.

ನಗರದ ಫಿಲ್ಮ್ ಸೊಸೈಟಿಯೊಂದು ಇರಾನಿನ ಅಬ್ಬಾಸ್ ಕಿಯರೋಸ್ತಮಿಯವರ 1990ರ ‘ಕ್ಲೋಸ್-ಅಪ್’ ಚಿತ್ರವನ್ನು ತೋರಿಸಿತ್ತು. ಟೆಹರಾನಿನ ಹೊಸೇನ್ ಸಬ್ಜಿಯಾನ್ ಎಂಬ ಬಡವನೊಬ್ಬ, ಬಸ್ಸಿನಲ್ಲಿ ಪರಿಚಯವಾದ ಮಹಿಳೆಯೊಬ್ಬರಿಗೆ ತಾನೇ ಪ್ರಸಿದ್ಧ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್ ಎಂದು ಹೇಳಿ, ಆಕೆಯ ಮನೆಮಂದಿಯನ್ನೆಲ್ಲ ನಂಬಿಸಿ, ಕೊನೆಗೆ ಸಿಕ್ಕಿಬಿದ್ದು ನ್ಯಾಯಾಲಯದ ಕಟಕಟೆ ಹತ್ತಿದ್ದು ನಿಜವಾಗಿ ನಡೆದ ಸಂಗತಿ. ಕಿಯರೋಸ್ತಮಿ ಆ ವಿಚಾರಣೆಯನ್ನು ಚಿತ್ರೀಕರಿಸಿದ್ದಲ್ಲದೆ, ಮೋಸ ಮಾಡಿದವನನ್ನೂ ಮೋಸಹೋದವರನ್ನೂ ಕರೆತಂದು ಅವರವರ ಪಾತ್ರವನ್ನು ಅವರಿಂದಲೇ ಮಾಡಿಸಿದರು. ಚಿತ್ರದ ಕೊನೆಯಲ್ಲಿ ಬಿಡುಗಡೆಯಾಗಿ ಹೊರಬಂದ ಸಬ್ಜಿಯಾನ್‌ನನ್ನು ಕರೆದೊಯ್ಯಲು ನಿಜವಾದ ಮಖ್ಮಲ್‌ಬಾಫರೇ ಬಂದು ನಿಂತಿರುತ್ತಾರೆ. ಇಬ್ಬರೂ ಬೈಕಿನಲ್ಲಿ ಹೊರಟಾಗ ಮಾತು ಕೇಳಿಸುತ್ತದೆ, ನಿಲ್ಲುತ್ತದೆ, ಮತ್ತೆ ಕೇಳಿಸುತ್ತದೆ. ಹೀಗೆ ಧ್ವನಿ ಕಡಿದುಕಡಿದು ಬರುತ್ತಿದ್ದುದನ್ನು ನಾನು ಗಮನಿಸಿದೆ, ಮಡಿಲಲ್ಲಿದ್ದ ಪುಸ್ತಕದಲ್ಲಿ ಬರೆದುಕೊಂಡೆ. ಭಾನುವಾರ ಅಚ್ಚಾದ ನನ್ನ 60 ಪದಗಳ ಕೊನೆಯ ವಾಕ್ಯ ಹೀಗಿತ್ತು: ‘ಸಭಾಂಗಣದ ಹಳೆಯ ಸ್ಪೀಕರುಗಳು ಕೊನೆಯ ದೃಶ್ಯದಲ್ಲಿ ರಸಭಂಗ ಮಾಡಿದವು.’

ಮಂಗಳವಾರ ಕಚೇರಿಗೆ ಫೋನ್ ಬಂತು. ಮಾತನಾಡಿದವರು ಸೊಸೈಟಿಯಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾಗಿದ್ದವರು.

“ಏನು ಸ್ವಾಮಿ, ನಮ್ಮ ಸ್ಪೀಕರ್ ಮೇಲೆ ಹಾಕಿಬಿಟ್ಟಿರಲ್ಲ? ಸಂಜೆ ಬಿಡುವಿದ್ದರೆ ಬನ್ನಿ, ಒಂದು ಕಾಫಿ ಕುಡಿದು ಹೋಗುವಿರಂತೆ.”

ಹೋದೆ. ಖಾಲಿ ಸಭಾಂಗಣದಲ್ಲಿ ನನ್ನೊಬ್ಬನನ್ನೇ ಕೂರಿಸಿ, “ಆ ಪೆನ್ನು ಮೊದಲು ಜೇಬಿಗಿಡಿ” ಎಂದು ಹೇಳಿ, ಚಿತ್ರದ ಕೊನೆಯ ಹತ್ತು ನಿಮಿಷವನ್ನಷ್ಟೇ ಹಾಕಿದರು. ದೃಶ್ಯವೆಲ್ಲ ದೂರದ ವಾಹನವೊಂದರ ಒಳಗಿನಿಂದ, ಬಿರುಕುಬಿಟ್ಟ ಮುಂಗಾಜಿನ ಮೂಲಕ ಕಾಣುತ್ತದೆ. ಮಖ್ಮಲ್‌ಬಾಫರನ್ನು ಕಂಡ ಸಬ್ಜಿಯಾನ್ ಅವರ ಹೆಗಲಿಗೊರಗಿ ಅಳುತ್ತಾನೆ. ವಾಹನದಲ್ಲಿ ಕುಳಿತ ಚಿತ್ರತಂಡದವರು ಮೈಕು ಕೈಕೊಡುತ್ತಿದೆ ಎಂದು ತಮ್ಮತಮ್ಮಲ್ಲೇ ಗೊಣಗಿಕೊಳ್ಳುತ್ತಾರೆ; ಅದು ಸಬ್‌ಟೈಟಲಿನಲ್ಲಿ ಸ್ಪಷ್ಟವಾಗಿ ಬರುತ್ತದೆ. ಹಿರಿಯರು ಅಲ್ಲಿಗೆ ಚಿತ್ರ ನಿಲ್ಲಿಸಿದರು.

“ಇದು ನಿಮಗೆ ಕಾಣಲಿಲ್ಲವೇ?”

“ಇಲ್ಲ ಸಾರ್, ಬರೆದುಕೊಳ್ತಾ ಇದ್ದೆ.”

ಧ್ವನಿ ಕಡಿತ ಸಭಾಂಗಣದ್ದಲ್ಲ, ಮೈಕಿನದೂ ಅಲ್ಲ. ಕಿಯರೋಸ್ತಮಿಯವರೇ ಬೇಕೆಂದು ಕತ್ತರಿಸಿದ್ದು. ಯಾರ ಹೆಸರನ್ನು ಕದ್ದು ಜೈಲು ಸೇರಿದನೋ ಅವರ ಬೆನ್ನಿಗೆ ಕೂತು ಹೋಗುವಾಗ ಆ ಮನುಷ್ಯ ಆಡುವ ಮಾತನ್ನು ನಾವು ಪೂರ್ತಿ ಕೇಳಿಸಿಕೊಳ್ಳಬಾರದೆಂಬಂತೆ ಧ್ವನಿಯನ್ನು ಮುರಿದಿದ್ದಾರೆ. ಇಡೀ ಚಿತ್ರದಲ್ಲಿ ನನಗೆ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಆ ಮುರುಕು ಧ್ವನಿಯೇ. ಅದನ್ನೇ ನಾನು ಸ್ಪೀಕರಿನ ದೋಷವೆಂದು ಬರೆದು ಅಚ್ಚುಹಾಕಿಸಿದ್ದೆ.

ಕನ್ನಡ ಚಿತ್ರ ನೋಡುವಾಗ ಅರೆನಿಮಿಷ ತಲೆ ತಗ್ಗಿಸಿದರೆ ಕಿವಿ ಕೆಲಸ ನಡೆಸಿಕೊಂಡು ಹೋಗುತ್ತದೆ. ಫಾರ್ಸಿ ಚಿತ್ರದ ಮುಂದೆ ಕುಳಿತ ನನ್ನಂಥವನಿಗೆ ಕಿವಿಯೂ ಕಣ್ಣಿನಲ್ಲೇ ಇರುತ್ತದೆ. ಪುಸ್ತಕದ ಕಡೆಗೆ ನೋಡಿದಷ್ಟು ಹೊತ್ತೂ ಕುರುಡನೂ ಹೌದು, ಕಿವುಡನೂ ಹೌದು. ಆದರೆ ನಾಚಿಕೆಯ ಸಂಗತಿ ಇದಷ್ಟೇ ಅಲ್ಲ. ಆ ಹತ್ತು ನಿಮಿಷ ನಾನು ಬರೆದುಕೊಳ್ಳುತ್ತಿದ್ದದ್ದು ಟಿಪ್ಪಣಿಯನ್ನಲ್ಲ, ತೀರ್ಪನ್ನು. ಚಿತ್ರ ಇನ್ನೂ ನಡೆಯುತ್ತಿರುವಾಗಲೇ ಅದರ ಕುರಿತು ಒಂದು ಚೆಂದದ ವಾಕ್ಯ ಹೊಳೆದಿತ್ತು, ಮರೆತುಹೋದೀತೆಂಬ ಆತುರವಿತ್ತು. ಅಂದಿನಿಂದ ಕತ್ತಲಲ್ಲಿ ಪೆನ್ನು ಹಿಡಿಯುವುದನ್ನು ಬಿಟ್ಟೆ. ಚಿತ್ರ ಮುಗಿದು ಹೆಸರುಗಳೆಲ್ಲ ಹೋದ ಮೇಲೆ ಹೊರಗಿನ ಮೆಟ್ಟಿಲ ಮೇಲೋ ಬಸ್‌ಸ್ಟಾಪಿನಲ್ಲೋ ಕೂತು, ಕಣ್ಣಿಗೆ ಕಟ್ಟಿದ ಮೂರು ವಿವರಗಳನ್ನು ಬರೆದಿಡುತ್ತೇನೆ; ಮೂರು ಸಿಗದಿದ್ದರೆ ನಾನು ಸರಿಯಾಗಿ ನೋಡಿಲ್ಲ ಎಂದು ಲೆಕ್ಕ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅದೇ ಕಿಯರೋಸ್ತಮಿಯವರ ‘ಟೇಸ್ಟ್ ಆಫ್ ಚೆರ್ರಿ’ 1997ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಅದಕ್ಕೆ ನಾಲ್ಕರಲ್ಲಿ ಒಂದೇ ಸ್ಟಾರ್ ಕೊಟ್ಟರು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ, ಆದರೂ ಅದು ತಪ್ಪಲ್ಲ, ಅಭಿಪ್ರಾಯ. ಯಾಕೆ ಹಿಡಿಸಲಿಲ್ಲವೆಂದು ಅವರು ಹೇಳಿದ್ದರಿಂದಲೇ, ಅವರೊಡನೆ ಜಗಳವಾಡಿಕೊಂಡು ಚಿತ್ರಕ್ಕೆ ಹೋಗುವುದು ಓದುಗನಿಗೆ ಸಾಧ್ಯವಾಗುತ್ತದೆ. ಸ್ಪೀಕರು ಕೆಟ್ಟಿತ್ತು ಎಂಬ ನನ್ನ ವಾಕ್ಯದೊಡನೆ ಜಗಳವಾಡುವುದಕ್ಕೆ ಏನೂ ಇರಲಿಲ್ಲ.

ಎರಡನೆಯ ಪಾಠ ಡೆಸ್ಕಿನಿಂದ ಬಂತು. ಉತ್ತರ ಮ್ಯಾಸಿಡೋನಿಯದ ‘ಹನಿಲ್ಯಾಂಡ್’ (2019) ಸಾಕ್ಷ್ಯಚಿತ್ರದ ಕುರಿತು 60 ಪದಗಳ ಜಾಗಕ್ಕೆ ನಾನು 78 ಪದ ಕಳಿಸಿದ್ದೆ. ರಾತ್ರಿ ಪಾಳಿಯ ಉಪಸಂಪಾದಕರು ತಾವೇ ಕತ್ತರಿ ಆಡಿಸಿದರು. ಹೋದ ಪದಗಳಲ್ಲಿ ‘ಸಾಕ್ಷ್ಯಚಿತ್ರ’ ಎಂಬುದೂ ಒಂದು. ವಾಕ್ಯಗಳನ್ನು ಕೂಡಿಸಲು ಅವರು ಸೇರಿಸಿದ್ದು ‘ನಾಯಕಿ ಪಾತ್ರಕ್ಕೆ ಜೀವ ತುಂಬಿದ್ದಾರೆ’ ಎಂಬುದು. ಹತಿಜೆ ಮುರಾತೋವಾ ಎಂಬ ಆ ಮಹಿಳೆ ಯಾವ ಪಾತ್ರವನ್ನೂ ಮಾಡಿರಲಿಲ್ಲ. ಕರೆಂಟಿಲ್ಲದ ಹಳ್ಳಿಯಲ್ಲಿ, ಹಾಸಿಗೆ ಹಿಡಿದ ಮುದಿ ತಾಯಿಯೊಂದಿಗೆ ಬದುಕುತ್ತ, ಜೇನು ಬಿಡಿಸುವಾಗ ಅರ್ಧ ನನಗೆ ಅರ್ಧ ನಿಮಗೆ ಎಂದು ಹುಳುಗಳ ಪಾಲನ್ನು ಗೂಡಿನಲ್ಲೇ ಬಿಟ್ಟುಬರುವವರು ಅವರು. ಚಿತ್ರತಂಡ ಮೂರು ವರ್ಷ ಅವರ ಬೆನ್ನುಹತ್ತಿ 400 ಗಂಟೆಗೂ ಹೆಚ್ಚು ಚಿತ್ರೀಕರಿಸಿ, ಒಂದೂವರೆ ಗಂಟೆಗೆ ಇಳಿಸಿತ್ತು. ಅಷ್ಟನ್ನು ಅವರು ಇಳಿಸಬಲ್ಲರಾದರೆ 18 ಪದ ಇಳಿಸಲು ನನಗೇನು ಧಾಡಿಯಾಗಿತ್ತು? ಉಪಸಂಪಾದಕರ ಮೇಲೆ ನಾನು ಕೋಪಿಸಿಕೊಳ್ಳಲಿಲ್ಲ. ನಾವು ಕತ್ತರಿಸದೆ ಬಿಟ್ಟದ್ದನ್ನು ಚಿತ್ರ ನೋಡದವರು ಕತ್ತರಿಸುತ್ತಾರೆ, ಮತ್ತು ಅವರ ಕೈಗೆ ಮೊದಲು ಸಿಗುವುದು ನಮ್ಮ ಕಸುಬಿನ ಸವೆದ ನಾಣ್ಯಗಳೇ: ‘ನೋಡಿಸಿಕೊಂಡು ಹೋಗುತ್ತದೆ’, ‘ಹಿನ್ನೆಲೆ ಸಂಗೀತ ಪೂರಕವಾಗಿದೆ’, ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’.

ಅಂಥ ನಾಣ್ಯಗಳಲ್ಲಿ ನಾನೇ ಅತಿ ಹೆಚ್ಚು ಚಲಾಯಿಸಿದ್ದು ‘ಮಂದಗತಿ’ ಎಂಬ ಪದ. ಶಾಂತಾಲ್ ಅಕರ್ಮನ್ ಅವರ 1975ರ ‘ಜಾನ್ ದೀಲ್ಮಾನ್’ 201 ನಿಮಿಷಗಳ ಚಿತ್ರ. ಬ್ರಸೆಲ್ಸಿನ ವಿಧವೆಯೊಬ್ಬಳ ಮೂರು ದಿನಗಳ ಮನೆಗೆಲಸವೇ ಅದರ ಬಹುಪಾಲು. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ 2022ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಯಾವುದೆಂದು ವಿಮರ್ಶಕರ ಮತ ಸಂಗ್ರಹಿಸಿದಾಗ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು. ಅದಕ್ಕೂ ಎಷ್ಟೋ ವರ್ಷ ಮುಂಚೆ ನಾನು ಇದರ ಕುರಿತು ‘ಕಲಾತ್ಮಕ, ಆದರೆ ಮಂದಗತಿ’ ಎಂದು ಬರೆದಿದ್ದೆ. ಅದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈಗ ಬರೆಯುವುದಾದರೆ ಆಲೂಗಡ್ಡೆಯಿಂದ ಶುರುಮಾಡುತ್ತೇನೆ: ಎರಡನೆಯ ದಿನ ಒಲೆಯ ಮೇಲಿನ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ, ಆಕೆ ಪಾತ್ರೆ ಹಿಡಿದುಕೊಂಡು ಅದನ್ನೇನು ಮಾಡುವುದೆಂದು ತಿಳಿಯದೆ ಮನೆಯೊಳಗೆ ಅಡ್ಡಾಡುತ್ತಾಳೆ, ಅಷ್ಟಕ್ಕೇ ನೋಡುವವರ ಎದೆ ಝಲ್ಲೆನ್ನುತ್ತದೆ. ಇದನ್ನು ಓದಿ ಹೋಗಬೇಕೆನಿಸುವವರು ಹೋಗುತ್ತಾರೆ. ಬೇಡವೆನಿಸುವವರು ಮೂರೂಕಾಲು ಗಂಟೆ ಉಳಿಸಿಕೊಳ್ಳುತ್ತಾರೆ.

ನಮ್ಮವರೇ ತೆಗೆದ ಸಣ್ಣ ಚಿತ್ರಗಳ ವಿಷಯದಲ್ಲಿ ಇಕ್ಕಟ್ಟು ಬೇರೆ. ನಿರ್ದೇಶಕರು ಪರಿಚಿತರು, ಸೈಟು ಮಾರಿ ಚಿತ್ರ ಮಾಡಿದ್ದು ಗೊತ್ತಿರುತ್ತದೆ, ಕೈ ತಾನಾಗಿಯೇ ‘ಪ್ರಯತ್ನ ಶ್ಲಾಘನೀಯ’ ಎಂದು ಬರೆದುಬಿಡುತ್ತದೆ. ಓದುಗರು ಜಾಣರು, ಆ ಎರಡು ಪದ ಕಂಡೊಡನೆ ಚಿತ್ರ ಚೆನ್ನಾಗಿಲ್ಲ ಎಂದು ಅರ್ಥಮಾಡಿಕೊಳ್ಳುತ್ತಾರೆ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ, 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯನ್ನು ಯಾರಾದರೂ ಶ್ಲಾಘನೀಯ ಪ್ರಯತ್ನ ಎಂದು ಕರೆದಿದ್ದರೆ ಅದು ಅವಮಾನವೇ ಆಗುತ್ತಿತ್ತು. ಈ ಕನಿಕರವನ್ನು ಬಿಟ್ಟದ್ದರಿಂದ ಇಬ್ಬರು ಸ್ನೇಹಿತರು ನನ್ನೊಡನೆ ಮಾತು ಬಿಟ್ಟಿದ್ದಾರೆ; ಒಬ್ಬರು ಈಚೆಗೆ ಮತ್ತೆ ಶುರುಮಾಡಿದ್ದಾರೆ.

ಕಳೆದ ಬಾರಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ 22 ಚಿತ್ರಗಳಿಗೆ ಹೋಗಿದ್ದೆ. ಮುಂದಿನ ಚಿತ್ರದ ಕ್ಯೂ ಹಿಡಿಯಬೇಕೆಂದು ಐದರಿಂದ ಅರ್ಧಕ್ಕೇ ಎದ್ದುಬಂದೆ. ಉತ್ಸವಕ್ಕೆ ಹೋಗುವವರೆಲ್ಲ ಮಾಡುವ ಕೆಲಸವೇ ಇದು. ಕೆಟಲಾಗಿನಲ್ಲಿ ಕಥಾಸಾರ ಇರುವುದರಿಂದ ಆ ಐದರ ಮೇಲೂ 60 ಪದ ಬರೆಯುವುದು ಕಷ್ಟವಾಗಿರಲಿಲ್ಲ, ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ನಾನು 17 ಮಾತ್ರ ಕಳಿಸಿದೆ. ಕಾಲಂ ತುಂಬುತ್ತಿಲ್ಲವೆಂದು ಡೆಸ್ಕಿನಿಂದ ಎರಡು ಸಲ ಫೋನ್ ಬಂತು. ಪೂರ್ತಿ ನೋಡಿಲ್ಲ ಎಂದೆ. ಉಳಿದ ಜಾಗಕ್ಕೆ ಅವರು ಉತ್ಸವದ ಕ್ಯೂವಿನ ಫೋಟೊ ಹಾಕಿಕೊಂಡರು. ಅದರಲ್ಲಿ ಮುಂದಿನಿಂದ ಆರನೆಯವನಾಗಿ ನಾನೂ ನಿಂತಿದ್ದೇನೆ.